ಸ್ಪ್ರೂಸ್ ಚಿಗುರಿನ ಬಿಯರ್ ಬಂದೈತೆ ಬಳ್ಳಾರಿಗೆ, ಹೆಂಗೆ ಕುಡೀಬೇಕು ಹೇಳ್ರಪ್ಪ

ತೋರಣಗಲ್ಲು ಶಿಫ್ಟ್ — ಶುಕ್ರವಾರ ರಾತ್ರಿ

ನಮ್ಮ ಅತ್ತೆ ಮಗ ಅಮೆರಿಕದ ಒರೆಗಾನ್ ಕಡೆ ಇರೋನು, ತಂಗಿ ಮದುವೆಗೆ ಅಂತ ಬಂದಾನೆ. ಎಲ್ಲರೂ ಚಾಕ್ಲೇಟು, ಸೆಂಟು ತಂದ್ರೆ ಇವನು ಸ್ವೆಟರ್‌ನಾಗೆ ಸುತ್ತಿ ಐದು ಕ್ಯಾನ್ ಬಿಯರ್ ತಂದಾನೆ. ಒಂದೊಂದು 355 ಮಿಲಿ. ಸುಂಕ ಇಲ್ದಂಗೆ ಒಬ್ಬರಿಗೆ ಬಿಡೋದು ಎರಡು ಲೀಟರು, ಆರನೇದು ಇಟ್ಟಿದ್ರೆ 2130 ಮಿಲಿ ಆಗ್ತಿತ್ತು, ಅದಕ್ಕೇ ಐದಕ್ಕೆ ನಿಲ್ಲಿಸ್ದೆ ಅಂದ. ಲೆಕ್ಕದಾಗೆ ಪಕ್ಕಾ ಮನುಷ್ಯ.

ಅಲ್ಲೀದೇ ಯಾವುದೋ ಸಣ್ಣ ಬ್ರೂವರಿದು. ಸ್ಪ್ರೂಸ್ ಅಂತ ಚಳಿ ಸೀಮೆಯ ಸೂಜಿ ಎಲೆ ಮರ ಐತಂತೆ, ಅದರ ಎಳೇ ಚಿಗುರು ಹಾಕಿ ಮಾಡಿದ್ದಂತೆ, 6.5 ಪರ್ಸೆಂಟು. ನಾನು ಕುಡ್ದಿರೋದು ಅಂದ್ರೆ ಊರಾಗೆ ಸಿಗೋ ಸ್ಟ್ರಾಂಗು, ಬೆಂಗ್ಳೂರಿಗೆ ಹೋದಾಗ ವೀಟ್ ಬಿಯರು, ಒಂದ್ಸಲ ಕಾಫಿ ಹಾಕಿದ್ದು. ಮರದ ಚಿಗುರಿಂದು ಇದೇ ಮೊದ್ಲು.

ನಿನ್ನೆ ಒಂದು ಕ್ಯಾನ್ ತೆಗೆದ್ವಿ. ಮಾಳಿಗೆ ಮ್ಯಾಲೆ ಕುಂತು ನಾಕು ಮಂದಿ ಸ್ಟೀಲ್ ಲೋಟಕ್ಕೆ ಹಂಚ್ಕೊಂಡ್ವಿ. ನಮ್ಮ ಚಿಕ್ಕಪ್ಪ ಒಂದು ಗುಟುಕು ಹಾಕಿ, ಲೋಟ ಕೆಳಗಿಟ್ಟು, "ಲೇ, ಬಾತ್‌ರೂಮ್ ತೊಳೆಯೋದು ತಂದೀಯೇನೋ?" ಅಂದ. ಅತ್ತೆ ಮಗ ಸುಮ್ನೆ ಕುಂತಿದ್ದ ಪಾಪ. ನನಗೆ ಅಷ್ಟು ಕೆಟ್ಟದು ಅನ್ನಿಸ್ಲಿಲ್ಲ, ಆದ್ರೆ ಹಿಂಗೇ ಐತೆ ಅಂತ ಹೇಳಕ್ಕೂ ಬರ್ಲಿಲ್ಲ. ಇನ್ನೂ ನಾಕು ಉಳಿದಾವೆ. ಹೆಂಗೆ ಕುಡೀಬೇಕು, ಯಾವುದರ ಜೊತೆ ಕುಡೀಬೇಕು, ಗೊತ್ತಿದ್ದೋರು ಹೇಳ್ರಿ. ಅಷ್ಟು ದೂರದಿಂದ ಹೊತ್ತು ತಂದಾನೆ, ದಂಡ ಆಗಬಾರ್ದು.

ರಾಯಚೂರು ಬಿಸಿಲು

ನಿಮ್ಮ ಕಾಕಾ ಹೇಳಿದ್ದು ಖರೇ ಅದ ನೋಡ್ರಿ. ನಾ ಕೆನಡಾದಾಗ ಇದ್ದಾಗ ಕುಡದೀನಿ. ಕ್ವೆಬೆಕ್ ಕಡಿ ಸ್ಪ್ರೂಸ್ ಬಿಯರ್ ಅಂದ್ರ ಸೋಡಾದ ಹಂಗೂ ಮಾರತಾರ, ಮದ್ಯ ಇರಂಗೇ ಇಲ್ಲ ಅದರಾಗ, ಸಣ್ಣ ಹುಡುಗ್ರೂ ಕುಡೀತಾವ. ಎರಡೂ ನೋಡೀನಿ. ಒಂದು ಸಿಹಿ ಫಿನಾಯಿಲ್, ಇನ್ನೊಂದು ಕಹಿ ಫಿನಾಯಿಲ್. ಅಲ್ಲಿ ಮಂದಿ ಕಣ್ಣು ಮುಚ್ಚಿ "ಆಹಾ, ಕಾಡು" ಅಂತಾರ. ನನಗ ಆಸ್ಪತ್ರಿ ವಾರ್ಡು ನೆನಪಾಗ್ತದ.

ಗಂಗಾವತಿ ಭತ್ತ

ಅದೆಲ್ಲಾ ಇರ್ಲಿ. ಕಿಕ್ ಐತೇನ್ರೀ?

ತೋರಣಗಲ್ಲು ಶಿಫ್ಟ್

ಒಂದು ಕ್ಯಾನ್ ನಾಕು ಮಂದಿಗೆ. ಎಲ್ಲಿಂದ ಬರ್ಬೇಕು ಕಿಕ್ಕು?

ಸಿಂಧನೂರು ಬ್ರೂವರ್

ಕೊನೆಗೂ ನನ್ನ ಕೆಲಸದ ವಿಷಯ ಬಂತು. ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಕೆಲಸ ಮಾಡ್ತೀನಿ, ಊರು ಸಿಂಧನೂರು.

ಅಣ್ಣ, ಮೊದಲ ಪ್ರಶ್ನೆ: ಕ್ಯಾನ್ ಎಷ್ಟು ತಣ್ಣಗಿತ್ತು? ನಮ್ಮ ಕಡೆ ಬಿಯರ್ ಅಂದ್ರೆ ಫ್ರೀಜರ್‌ನಿಂದ ನೇರ ಬಾಯಿಗೆ. ಮೇ ತಿಂಗಳಲ್ಲಿ 42 ಡಿಗ್ರಿ ಇದ್ದಾಗ ಹಂಗೆ ಕುಡಿಯೋದ್ರಲ್ಲಿ ತಪ್ಪೇನಿಲ್ಲ, ಸ್ಟ್ರಾಂಗ್ ಲಾಗರ್ ಬಿಯರ್‌ಗೆ ಅದೇ ಸರಿ. ಅದರಲ್ಲಿ ಮೂಗಿಗೆ ಬರೋಂಥದ್ದು ಏನೂ ಇಲ್ಲ, ಇದ್ದರೂ ಬರದೇ ಇದ್ದರೆ ಒಳ್ಳೇದು. ಸ್ಪ್ರೂಸ್ ಹಾಕಿದ ಏಲ್ ಥರದ ಬಿಯರ್ ಹಂಗಲ್ಲ. ಇದರ ಬಂಡವಾಳವೆಲ್ಲ ವಾಸನೆ. ಐಸ್‌ನಷ್ಟು ತಣ್ಣಗಿದ್ದರೆ ಸುವಾಸನೆ ಮೇಲಕ್ಕೆ ಏಳೋದೇ ಇಲ್ಲ, ಕಹಿ ಮಾತ್ರ ನಾಲಿಗೆಗೆ ಹತ್ತುತ್ತೆ. 8ರಿಂದ 12 ಡಿಗ್ರಿ ಒಳಗೆ ಇರಬೇಕು. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು, ತೆಗೆದು, ಹತ್ತು ನಿಮಿಷ ಮೇಜಿನ ಮೇಲೆ ಬಿಡಿ. ಬಳ್ಳಾರಿಯಲ್ಲಿ ಹತ್ತು ನಿಮಿಷ ಧಾರಾಳ ಆಯ್ತು.

ಎರಡನೇದು, ಸ್ಟೀಲ್ ಲೋಟ ಬೇಡ. ಗಾಜಿನದ್ದು, ಹೊಟ್ಟೆ ಅಗಲ ಇದ್ದು ಬಾಯಿ ಸ್ವಲ್ಪ ಒಳಕ್ಕೆ ಬಾಗಿರೋದು ಸಿಕ್ಕರೆ ಒಳ್ಳೇದು. ಸೋಪಿನ ವಾಸನೆ ಹೋಗೋ ಹಾಗೆ ಬರೀ ನೀರಲ್ಲಿ ಇನ್ನೊಮ್ಮೆ ತೊಳೀರಿ. ಅರ್ಧ ಲೋಟ ಮಾತ್ರ ಹಾಕಿ, ಮೇಲಿನ ಅರ್ಧ ವಾಸನೆಗೆ ಜಾಗ.

ಮಾಡೋ ರೀತಿ ಹೇಳ್ತೀನಿ. ಬಾರ್ಲಿ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಒಡೆದು ಸುಮಾರು 65 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ನೆನೆಸಿದರೆ ಪಿಷ್ಟ ಸಕ್ಕರೆ ಆಗುತ್ತೆ. ಆ ಸಿಹಿ ನೀರನ್ನು ಸೋಸಿ ಒಂದು ಗಂಟೆ ಕುದಿಸ್ತೀವಿ. ಕುದಿ ಶುರುವಾದಾಗ ಹಾಕಿದ ಹಾಪ್ಸ್ (ಒಂದು ಬಳ್ಳಿಯ ಹೂವು) ಕಹಿ ಕೊಡುತ್ತೆ, ಕೊನೆಗೆ ಹಾಕಿದ್ದು ಪರಿಮಳ ಕೊಡುತ್ತೆ. ಸ್ಪ್ರೂಸ್ ಚಿಗುರೂ ಹಾಗೇ. ಕೊನೇ ಹತ್ತು ಹದಿನೈದು ನಿಮಿಷಕ್ಕೆ ಹಾಕಿದರೆ ನಿಂಬೆ, ಹಸಿರು. ಮೊದಲಿಂದ ಕುದಿಸಿದರೆ ನಿಂಬೆ ಹಾರಿಹೋಗಿ ಅಂಟು ರಾಳ, ಕಟ್ಟಿಗೆ ಉಳಿಯುತ್ತೆ. 20 ಲೀಟರಿಗೆ 100 ಗ್ರಾಂ ಆಸುಪಾಸು ಹಾಕಿ ಶುರು ಮಾಡೋದು ರೂಢಿ, ಕೈ ಜಾರಿ ಜಾಸ್ತಿ ಬಿದ್ದರೆ ನಿಮ್ಮ ಚಿಕ್ಕಪ್ಪ ಹೇಳಿದ್ದೇ ಸರಿ.

ಚಿಗುರು ಅಂದರೆ ಯಾವ ಸೂಜಿಯೂ ಆಗಲ್ಲ. ವಸಂತದಲ್ಲಿ ಕೊಂಬೆ ತುದಿಗೆ ಕಂದು ಪೊರೆ ಹೊದ್ದ ಮೊಗ್ಗು ಬರುತ್ತೆ. ಆ ಪೊರೆ ಒಣಗಿ ಕಳಚಿ ಬೀಳೋ ಹೊತ್ತಿಗೆ ಒಳಗಿನ ಎಳೆ ತಿಳಿ ಹಸಿರಾಗಿರುತ್ತೆ, ಕೈಗೆ ಚುಚ್ಚಲ್ಲ. ಆಗಲೇ ಕೀಳಬೇಕು. ಎರಡು ಮೂರು ವಾರ ಬಿಟ್ಟರೆ ಒರಟಾಗಿ ಒಗರು ಬಂತು. ವರ್ಷಕ್ಕೆ ಒಂದೇ ಸಲ ಸಿಗೋದರಿಂದ ಕಿತ್ತು ಫ್ರೀಜ್ ಮಾಡಿ ಇಡ್ತಾರೆ.

ಅಲಾಸ್ಕಾದ ಜೂನೋ ಊರಲ್ಲಿ 1986ರಿಂದ ಇರೋ ಅಲಾಸ್ಕನ್ ಬ್ರೂವಿಂಗ್ ಕಂಪನಿಯ ವಿಂಟರ್ ಏಲ್‌ಗೆ ಸಿಟ್ಕಾ ಸ್ಪ್ರೂಸ್ ಚಿಗುರು ಹಾಕ್ತಾರೆ, ಈ ಜಾತಿಯಲ್ಲಿ ಅದು ಹೆಸರುವಾಸಿ. ನಿಮ್ಮದು ಯಾವ ಸ್ಪ್ರೂಸ್ ಅಂತ ಕ್ಯಾನ್ ಮೇಲೆ ಬರೆದಿದ್ಯಾ ನೋಡಿ.

ಕೆಮಿಸ್ಟ್ರಿ ಅಕ್ಕ

ನಾನು ಕುಡಿಯಲ್ಲ, ಆದ್ರೆ ಫಿನಾಯಿಲ್ ಮಾತಿಗೆ ಸುಮ್ಮನಿರೋಕೆ ಆಗ್ತಿಲ್ಲ. ರಾಯಚೂರಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡೋಳು ನಾನು.

ಅಂಗಡಿಯಲ್ಲಿ ಸಿಗೋ ಬಿಳಿ ಫಿನಾಯಿಲ್‌ಗೆ ಹಾಕೋದು ಪೈನ್ ಎಣ್ಣೆ. ನೀರಿಗೆ ಬಿಟ್ಟ ಕೂಡಲೇ ಹಾಲಿನಂಗಾಗೋದು ಅದು ನೀರಲ್ಲಿ ಸಣ್ಣ ಸಣ್ಣ ಹನಿಯಾಗಿ ಹರಡೋದರಿಂದ. ಕರಿ ಫಿನಾಯಿಲ್ ಬೇರೆ, ಅದು ಕಲ್ಲಿದ್ದಲು ಟಾರಿನಿಂದ ಬಂದಿದ್ದು. ಪೈನ್ ಎಣ್ಣೆಯಲ್ಲಿ ಟರ್ಪಿನಿಯಾಲ್ ಜಾಸ್ತಿ. ಸ್ಪ್ರೂಸ್ ಚಿಗುರಲ್ಲಿ ಪೈನೀನ್, ಲಿಮೋನೀನ್, ಬೋರ್ನೈಲ್ ಅಸಿಟೇಟ್ ಇಂಥವು. ಎಲ್ಲ ಒಂದೇ ಟರ್ಪೀನ್ ಕುಟುಂಬ, ಅಂದ್ರೆ ಗಿಡಮರಗಳಿಗೆ ವಾಸನೆ ಕೊಡೋ ರಾಸಾಯನಿಕಗಳು. ಹಾಗಾಗಿ ಚಿಕ್ಕಪ್ಪನವರ ಮೂಗು ಸುಳ್ಳು ಹೇಳಿಲ್ಲ.

ಆದ್ರೆ ನೋಡಿ, ಆ ವಾಸನೆಯನ್ನು ನಾವು ಕಾಡಲ್ಲಿ ಮೂಸಿಯೇ ಇಲ್ಲ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆ ಹುಡುಕಿದ್ರೂ ಕಾಡಲ್ಲಿ ತಾನಾಗಿ ಬೆಳೆದ ಒಂದು ಸ್ಪ್ರೂಸ್ ಇಲ್ಲ, ಪೈನೂ ಇಲ್ಲ. ನಮಗೆ ಅದು ಮೊದಲು ಸಿಕ್ಕಿದ್ದು ಬಕೆಟ್ಟಲ್ಲಿ, ಬಸ್‌ಸ್ಟ್ಯಾಂಡ್ ಶೌಚಾಲಯದಲ್ಲಿ, ಆಸ್ಪತ್ರೆ ಕಾರಿಡಾರಲ್ಲಿ. ಒರೆಗಾನ್‌ನೋರಿಗೆ ಅದು ಮನೆ ಹಿತ್ತಲು. ರಾಯಚೂರಣ್ಣ ಆಸ್ಪತ್ರೆ ಅಂದಿದ್ದು ಅದಕ್ಕೇ.

ರಾಯಚೂರು ಬಿಸಿಲು

ಅಂದ್ರ ನಂದು ತಪ್ಪಿಲ್ಲ ಅಂದಂಗಾಯ್ತು. ಮುಗೀತು.

ಕೆಮಿಸ್ಟ್ರಿ ಅಕ್ಕ

ತಪ್ಪಿಲ್ಲ. ಮುಗೀಲೂ ಇಲ್ಲ. ಜಿನ್ ಕುಡಿದಿದ್ದೀರಾ? ಅದಕ್ಕೆ ಹಾಕೋ ಜುನಿಪರ್ ಕಾಯಲ್ಲೂ ಪೈನೀನೇ ಮುಖ್ಯ. ಅದನ್ನು ಯಾರೂ ಫಿನಾಯಿಲ್ ಅನ್ನಲ್ಲ, ಟಾನಿಕ್ಕು ನಿಂಬೆಹಣ್ಣು ಹಾಕಿ ಐನೂರು ರೂಪಾಯಿ ಕೊಡ್ತಾರೆ.

ಕೊಪ್ಪಳ ಪೇಂಟರ್

ಅಕ್ಕಾರ, ನಂದೂ ಒಂದು ಡೌಟ್ ಐತಿ. ನಾವು ಎನಾಮೆಲ್ ಬಣ್ಣಕ್ಕ ಟರ್ಪೆಂಟೈನ್ ಹಾಕತೀವಿ. ಅದೂ ಪೈನ್ ಮರದ್ದ ಅಂತಾರ. ಇಡೀ ದಿನ ಅದನ್ನ ಮೂಸಿ ಮೂಸಿ ನಮಗ ಆ ವಾಸನಿ ಬಂದ್ರ ಕೆಲಸ ನೆನಪಾಗ್ತೈತಿ, ಹಸಿವು ಆಗ್ತೈತಿ. ಈ ಬಿಯರ್ ನಮ್ಮಂಥವ್ರಿಗೆ ಚಲೋ ಅನ್ನಿಸಬಹುದಾ?

ಕೆಮಿಸ್ಟ್ರಿ ಅಕ್ಕ

ಅಸಲಿ ಟರ್ಪೆಂಟೈನ್ ಆದ್ರೆ ಹೌದು, ಪೈನ್ ಅಂಟಿನಿಂದ ಭಟ್ಟಿ ಇಳಿಸಿದ್ದು, ಬಹುಪಾಲು ಪೈನೀನೇ. ಈಗ ಅಂಗಡಿಯಲ್ಲಿ ಕೊಡೋ ಥಿನ್ನರ್ ಹೆಚ್ಚಿನಂಶ ಪೆಟ್ರೋಲಿಯಂದು. ನಿಮ್ಮ ಮೂಗಿಗೆ ಪರೀಕ್ಷೆ ಇಡಬೇಕಾದ್ದೇ. ಆದ್ರೆ ಟರ್ಪೆಂಟೈನ್ ಮಾತ್ರ ಕುಡೀಬೇಡಿ ಮಾರಾಯ್ರೆ, ಅದು ವಿಷ.

ಕೊಪ್ಪಳ ಪೇಂಟರ್

ಅಷ್ಟು ಬುದ್ಧಿ ಐತ್ರೀ ನಮಗ.

ಹಳೇ ಮೇಷ್ಟ್ರು

ಇತಿಹಾಸ ಕಲಿಸಿದವನು, ಆದ್ದರಿಂದ ನಡುವೆ ಬಾಯಿ ಹಾಕುತ್ತೇನೆ. ಈ ಪಾನೀಯ ರುಚಿಗಾಗಿ ಹುಟ್ಟಿದ್ದಲ್ಲ, ಜೀವ ಉಳಿಸಿಕೊಳ್ಳಲು ಹುಟ್ಟಿದ್ದು. 1535-36ರ ಚಳಿಗಾಲದಲ್ಲಿ ಫ್ರೆಂಚ್ ನಾವಿಕ ಜಾಕ್ ಕಾರ್ಟಿಯೇನ ಹಡಗುಗಳು ಈಗಿನ ಕ್ವೆಬೆಕ್ ಹತ್ತಿರ ಹಿಮದಲ್ಲಿ ಸಿಕ್ಕಿಬಿದ್ದವು. 110 ಜನರಲ್ಲಿ 25 ಮಂದಿ ಸ್ಕರ್ವಿಯಿಂದ ಸತ್ತರು. ವಸಡು ಕೊಳೆತು ಹಲ್ಲು ಉದುರುವ ರೋಗ ಅದು. ಆಗ ಅಲ್ಲಿನ ಮೂಲನಿವಾಸಿಗಳು ಒಂದು ಮರದ ಎಲೆ, ತೊಗಟೆ ಕುದಿಸಿ ಕುಡಿಯುವುದನ್ನು ತೋರಿಸಿಕೊಟ್ಟರು. ಉಳಿದವರು ಬದುಕಿದರು. ಅದು ಸ್ಪ್ರೂಸೋ ಬೇರೆ ಸೂಜಿ ಎಲೆಯ ಮರವೋ ಎಂದು ವಿದ್ವಾಂಸರು ಈಗಲೂ ಜಗಳವಾಡುತ್ತಾರೆ.

ಆಮೇಲೆ ಬ್ರಿಟಿಷ್ ಸೇನೆ, ನೌಕಾಪಡೆ ಇದನ್ನು ಹಿಡಿದುಕೊಂಡಿತು. ಉತ್ತರ ಅಮೆರಿಕದಲ್ಲಿದ್ದ ಜನರಲ್ ಅಮ್‌ಹರ್ಸ್ಟನ ದಿನಚರಿಯಲ್ಲಿ ಅಳತೆ ಸಮೇತ ವಿಧಾನವೇ ಇದೆ: ಏಳು ಪೌಂಡ್ ಸ್ಪ್ರೂಸ್ ತೊಗಟೆ ಸುಲಿಯುವವರೆಗೆ ಕುದಿಸಿ, ತೆಗೆದು, ಮೂರು ಗ್ಯಾಲನ್ ಕಾಕಂಬಿ ಹಾಕಿ ಮತ್ತೆ ಕುದಿಸಿ, ಮೂವತ್ತು ಗ್ಯಾಲನ್ ಪೀಪಾಯಿ ತುಂಬುವಷ್ಟು ನೀರು ಸೇರಿಸುವುದು. ಬಾರ್ಲಿಯೂ ಇಲ್ಲ, ಹಾಪ್ಸೂ ಇಲ್ಲ. 1773ರಲ್ಲಿ ಕ್ಯಾಪ್ಟನ್ ಕುಕ್ ನ್ಯೂಜಿಲೆಂಡಿನ ಡಸ್ಕಿ ಸೌಂಡ್‌ನಲ್ಲಿ ಸ್ಪ್ರೂಸ್ ಸಿಗದೆ ಅಲ್ಲಿನ ರಿಮು ಮರದ ಸೊಪ್ಪಿನಿಂದ ಬಿಯರ್ ಮಾಡಿಸಿದ. ತೀರಾ ಒಗರಾಯಿತೆಂದು ಮಾನೂಕಾ ಸೊಪ್ಪು ಬೆರೆಸಿದ. 1775ರ ನವೆಂಬರ್‌ನಲ್ಲಿ ಅಮೆರಿಕದ ಕಾಂಟಿನೆಂಟಲ್ ಕಾಂಗ್ರೆಸ್ ತನ್ನ ಸೈನಿಕರಿಗೆ ಗೊತ್ತು ಮಾಡಿದ ಪಡಿಯಲ್ಲಿ ದಿನಕ್ಕೆ ತಲೆಗೊಂದು ಕ್ವಾರ್ಟ್ ಸ್ಪ್ರೂಸ್ ಬಿಯರ್ ಅಥವಾ ಸೈಡರ್ ಇತ್ತು. ಕ್ವಾರ್ಟ್ ಎಂದರೆ ಹೆಚ್ಚು ಕಡಿಮೆ ಒಂದು ಲೀಟರ್.

ನಮ್ಮ ಬಳ್ಳಾರಿ ದಂಡಿನಲ್ಲಿದ್ದ ಗೋರಾ ಸಿಪಾಯಿಗಳಿಗೆ ಇದರ ಅಗತ್ಯ ಬೀಳಲಿಲ್ಲ. ಸಂತೆಗೆ ಹೋದರೆ ನಿಂಬೆಹಣ್ಣು ಸಿಗುವ ಊರು.

ಗಂಗಾವತಿ ಭತ್ತ

ಸರ್, ಅಂದ್ರೆ ಸರ್ಕಾರಾನೇ ದಿನಾ ಒಂದು ಲೀಟರ್ ಕೊಡ್ತಿತ್ತಾ? ನಾನು ತಪ್ಪು ಕಾಲ್ದಾಗೆ ಹುಟ್ಟೀನಿ.

ಕೆಮಿಸ್ಟ್ರಿ ಅಕ್ಕ

ಮೇಷ್ಟ್ರೇ, ಒಂದು ಸೇರಿಸ್ತೀನಿ. ಹಸಿ ಚಿಗುರಲ್ಲಿ ವಿಟಮಿನ್ ಸಿ ಇರೋದು ನಿಜ. ಆದ್ರೆ ಗಂಟೆಗಟ್ಟಲೆ ಕುದಿಸಿ, ಪೀಪಾಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅದರ ಬಹುಪಾಲು ಹಾಳಾಗುತ್ತೆ. ಕಷಾಯ ಮಾಡಿ ಆಗಲೇ ಕುಡಿದ ಕಾರ್ಟಿಯೇನ ಜನಕ್ಕೆ ದಕ್ಕಿದ್ದು ಪೀಪಾಯಿ ಬಿಯರ್ ಕುಡಿದ ಸಿಪಾಯಿಗೆ ಅಷ್ಟು ದಕ್ಕಿರಲಿಕ್ಕಿಲ್ಲ. ಈಗಿನ ಬಿಯರ್‌ನಂತೂ ಯಾರೂ ಆರೋಗ್ಯಕ್ಕೆ ಅಂತ ಕುಡೀಬೇಡಿ.

ಸಂಡೂರು ಫೌಜಿ

ಎಲ್ಲರಿಗೂ ನಮಸ್ಕಾರ. ಸ್ಪ್ರೂಸ್ ನಮ್ ದೇಶದಾಗೆ ಇಲ್ಲ ಅಂದ್ಕೋಬ್ಯಾಡ್ರಿ. ಹಿಮಾಚಲದಾಗೆ ಸರ್ವಿಸ್ ಮಾಡೀನಿ. ಅಲ್ಲಿ ಅದಕ್ಕೆ ರೈ ಅಂತಾರೆ, ಉತ್ತರಾಖಂಡ ಕಡೆ ಮೊರಿಂಡಾ. ಎರಡೂವರೆ ಮೂರು ಸಾವಿರ ಮೀಟರ್ ಎತ್ತರದಾಗೆ ದೇವದಾರು, ತೋಶ್ ಅನ್ನೋ ಫರ್ ಮರ, ಇವುಗಳ ಜೊತೆ ಬೆಳೀತೈತೆ. ಮೊದಮೊದ್ಲು ಮೂರೂ ಒಂದೇ ಅನ್ನಿಸ್ತಾವೆ. ಗುರುತು ಹೇಳ್ತೀನಿ ಕೇಳ್ರಿ. ರೈ ಮರದ ಕಾಯಿ ಕೆಳಕ್ಕೆ ಜೋತು ಬೀಳ್ತೈತೆ, ಉಳಿದ ಎರಡರದು ಕೊಂಬೆ ಮ್ಯಾಲೆ ನೆಟ್ಟಗೆ ಕುಂತಿರ್ತೈತೆ. ರೈ ಸೂಜಿಗೆ ನಾಕು ಅಂಚು, ಎರಡು ಬೆರಳ ನಡುವೆ ಇಟ್ಟು ಹೊರಳಿಸಿದ್ರೆ ಉರುಳ್ತೈತೆ. ತೋಶ್‌ದು ಚಪ್ಪಟೆ, ಉರುಳಲ್ಲ. ಸಣ್ಣ ರೆಂಬೆಗಳು ಜಡೆ ಬಿಟ್ಟಂಗೆ ಇಳಿಬಿದ್ದಿರ್ತಾವೆ, ದೂರದಿಂದಲೇ ಗೊತ್ತಾಗ್ತೈತೆ.

ಚಿಗುರು ಬಾಯಿಗೆ ಹಾಕ್ಕೊಂಡು ನೋಡೀನಿ. ಮೊದ್ಲು ಹುಳಿ, ಆಮ್ಯಾಲೆ ಒಗರು, ಕೊನೆಗೆ ಅಂಟು. ಪೆಟ್ರೋಲಿಂಗ್‌ನಾಗೆ ನೀರಡಿಕೆ ಆದಾಗ ಒಂದೆರಡು ಅಗಿದ್ರೆ ಬಾಯಿ ಒದ್ದೆ ಆಗ್ತಿತ್ತು. ಆದ್ರೆ ಗೊತ್ತಿಲ್ದೋರು ಕಂಡ ಮರದ ಸೂಜಿ ಬಾಯಿಗೆ ಹಾಕ್ಬಾರ್ದು. ಅದೇ ಕಾಡಿನಾಗೆ ಯೂ ಅನ್ನೋ ಮರ ಐತೆ, ವಿಷ ಅದು.

ಗಂಗಾವತಿ ಭತ್ತ

ನಮ್ಮ ಊರ ಚರ್ಚಿನ ಮುಂದೆ ಕ್ರಿಸ್ಮಸ್ ಮರ ಐತಲ್ಲ, ಅದರ ಚಿಗುರು ಆಗಲ್ವಾ? ನಾಕು ಕಿತ್ಕೊಂಡು ಬಂದ್ರೆ ಫಾದರ್ ಬೈಯಲ್ಲ.

ಕೆಮಿಸ್ಟ್ರಿ ಅಕ್ಕ

ಅಯ್ಯೋ ಬೇಡ! ನಮ್ಮ ಕಡೆ ಕ್ರಿಸ್ಮಸ್ ಮರ ಅಂತ ನರ್ಸರಿಯಲ್ಲಿ ಕೊಡೋದು ಸಾಮಾನ್ಯವಾಗಿ ಅರೌಕೇರಿಯಾ. ಸ್ಪ್ರೂಸಿಗೂ ಅದಕ್ಕೂ ಕುಟುಂಬವೇ ಬೇರೆ. ಇನ್ನು ಕೆಲವರು ಗಾಳಿಮರದ ಕೊಂಬೆ ನೆಟ್ಟು ನಕ್ಷತ್ರ ಕಟ್ಟಿರ್ತಾರೆ, ಅದು ಸೂಜಿ ಎಲೆಯ ಮರವೇ ಅಲ್ಲ, ಸೂಜಿ ಥರ ಕಾಣೋದು ಅದರ ಸಣ್ಣ ರೆಂಬೆ. ಯಾವುದನ್ನೂ ಕುದಿಸೋದು ಬೇಡ.

ಗ್ರಂಥಿಗೆ ಅಂಗಡಿಗೆ ಓಡೋ ಬುದ್ಧಿವಂತರಿಗೂ ಈಗಲೇ ಹೇಳಿಬಿಡ್ತೀನಿ. ಕೆಮ್ಮಿಗೆ ತಾಳೀಸಾದಿ ಚೂರ್ಣ ತಿಂದಿರ್ತೀರಲ್ಲ, ಅದರ ತಾಳೀಸಪತ್ರೆ ಹಿಮಾಲಯದ ಫರ್ ಮರದ ಎಲೆ. ಫೌಜಿ ಅಣ್ಣ ತೋಶ್ ಅಂದ್ರಲ್ಲ, ಅದರ ಹತ್ತಿರದ ಜಾತಿ. ಅಂದ್ರೆ ಈ ವಾಸನೆ ನಮ್ಮ ಮನೆಗೆ ಜೇನುತುಪ್ಪದ ಜೊತೆ ಯಾವಾಗಲೋ ಬಂದಿದೆ. ಆದ್ರೆ ಪೇಟೆಯಲ್ಲಿ ಅದೇ ಹೆಸರಲ್ಲಿ ಯೂ ಎಲೆಯನ್ನೂ ಮಾರಿದ್ದುಂಟು. ಒಣಗಿದ ಮೇಲೆ ಗುರುತು ಹಿಡಿಯೋದು ಕಷ್ಟ. ಬಿಯರ್ ಪ್ರಯೋಗಕ್ಕೆ ಅದನ್ನು ಮುಟ್ಟಬೇಡಿ.

ಮಾಡರೇಟರ್

ಪ್ರಯೋಗದ ಮಾತು ಬಂದಿದ್ದಕ್ಕೆ ಒಂದು ಸೂಚನೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಹೇಗೆ ಮಾಡ್ತಾರೆ ಅನ್ನೋ ಚರ್ಚೆ ನಡೀಲಿ, "ನಾನು ಮಾಡಿದೆ, ಫೋಟೋ ನೋಡಿ" ಅನ್ನೋದು ಬಂದ್ರೆ ತೆಗೀತೀವಿ.

ಸಿಂಧನೂರು ಬ್ರೂವರ್

ಫೌಜಿ ಸರ್ ಹೇಳಿದ ರೈ ಚಿಗುರು ನಮ್ಮ ಕೆಟಲ್‌ಗೆ ಹಾಕಬೇಕು ಅಂತ ಬಹಳ ಆಸೆ. ತೊಡಕು ಅಂದ್ರೆ ಅದು ಅರಣ್ಯ ಇಲಾಖೆ ಜಾಗ, ಅನುಮತಿ ಬೇಕು. ಕೀಳೋದಕ್ಕೂ ಕ್ರಮ ಇದೆ. ಮರದ ನೆತ್ತಿ ಚಿಗುರು ಮುಟ್ಟಬಾರದು, ಮುಟ್ಟಿದರೆ ಮರ ನೆಟ್ಟಗೆ ಬೆಳೆಯಲ್ಲ. ಪಕ್ಕದ ಕೊಂಬೆಗಳಲ್ಲೂ ಒಂದೇ ಮರ ಬೋಳಿಸದೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ತೆಗೀಬೇಕು. ಅಲ್ಲಿಂದ ಬೆಂಗಳೂರಿಗೆ ಫ್ರೀಜ್ ಮಾಡಿ ತರೋ ಖರ್ಚು ನೋಡಿದರೆ ಮಾಲೀಕರು ನನ್ನನ್ನೇ ಹಿಮಾಚಲಕ್ಕೆ ಕಳಿಸಿ ಬಾಗಿಲು ಹಾಕ್ಕೋತಾರೆ.

ತೋರಣಗಲ್ಲು ಶಿಫ್ಟ್ — ಭಾನುವಾರ ತಡರಾತ್ರಿ

ವರದಿ ತಗೋರಿ. ಎರಡು ಕ್ಯಾನ್ ಇವತ್ತು ಖರ್ಚಾದ್ವು. ಬ್ರೂವರ್ ತಮ್ಮ ಹೇಳ್ದಂಗೆ ಒಂದನ್ನ ಫ್ರಿಜ್ಜಿನ ಕೆಳಗಿನ ಖಾನೆಯಾಗಿಟ್ಟು, ತೆಗೆದು, ಕೂಲರ್ ಮುಂದೆ ಹತ್ತು ನಿಮಿಷ ಬಿಟ್ಟೆ. ಇನ್ನೊಂದನ್ನ ಬೇಕಂತಲೇ ಫ್ರೀಜರ್‌ನಾಗೆ ಇಟ್ಟಿದ್ದೆ, ಎರಡೂ ಪಕ್ಕ ಪಕ್ಕ ನೋಡಾಣ ಅಂತ. ಮದುವೆಗೆ ಬಂದಿದ್ದ ಗಿಫ್ಟ್‌ನಾಗೆ ಗಾಜಿನ ಲೋಟದ ಸೆಟ್ ಇತ್ತು, ತಂಗಿ ಬೈಯ್ತಾ ಕೊಟ್ಲು.

ಫ್ರೀಜರ್‌ದು ಮೊದ್ಲು. ನೊರೆ ಕಮ್ಮಿ. ಮೂಗಿಟ್ರೆ ಏನೂ ಇಲ್ಲ. ಕುಡಿದ್ರೆ ತಣ್ಣಗೆ ಇಳೀತೈತೆ, ಇಳಿದ ಮ್ಯಾಲೆ ಗಂಟಲ ಹಿಂದೆ ಕಹಿ, ಆ ಕಹಿ ಕೊನೆಗೆ ಚಿಕ್ಕಪ್ಪನ ಬಾತ್‌ರೂಮು. ಇದು ಮೊನ್ನೆ ಕುಡಿದಿದ್ದೇ.

ಇನ್ನೊಂದು ಹಾಕಿದಾಗ ನೊರೆ ಎರಡು ಬೆರಳು ನಿಂತು, ಕೆಳಗಿಳಿದಂಗೆ ಗಾಜಿಗೆ ಬಲೆ ಬಲೆ ಅಂಟ್ಕೊಂತು. ಬಣ್ಣ ಹಳೇ ತಾಮ್ರ, ಬೆಳಕಿಗೆ ಹಿಡಿದ್ರೆ ಸ್ವಲ್ಪ ಮೋಡ. ಲೋಟ ಒಂದು ಸುತ್ತು ತಿರುಗಿಸಿ ಮೂಗಿಟ್ಟೆ. ನಿಂಬೆ ಸಿಪ್ಪೆ ಉಗುರಿನಾಗೆ ಕೆರೆದಾಗ ಸಿಡಿಯೋ ಎಣ್ಣೆ ಇರ್ತೈತಲ್ಲ, ಅದು ನೇರ ಮೂಗಿಗೆ ಬಂತು. ಬಾಯಿಗೆ ಹಾಕಿದ್ರೆ ಮೊದ್ಲು ಮಾಲ್ಟಿನ ಸಿಹಿ, ಬೆಲ್ಲದಷ್ಟಲ್ಲ, ಹುರಿದ ಜೋಳದ ಕಡೆ. ನಡುವೆ ಹುಳಿ ಐತೇನೋ ಅನ್ನಿಸ್ತೈತೆ, ಆದ್ರೆ ನಾಲಿಗೆಗೆ ಹುಳಿ ಇಲ್ಲ, ಮೂಗಿಗೆ ಮಾತ್ರ. ಕಹಿ ನಾಲಿಗೆ ಎರಡೂ ಬದಿಗೆ ಹಿಡ್ಕೊಂತೈತೆ. ನುಂಗಿ ಮೂಗಿಂದ ಉಸಿರು ಬಿಟ್ಟಾಗ ಹಸಿರು ಬರ್ತೈತೆ. ಅದೇ ಇದರ ಮಜಾ. ಬಿಸಿ ಆಗ್ತಾ ಆಗ್ತಾ ನಿಂಬೆ ಕಮ್ಮಿ ಆಗಿ ಅಂಟಿನ ವಾಸನೆ ಜಾಸ್ತಿ ಆಯ್ತು, ಕೊನೇ ಗುಟುಕು ಅಷ್ಟು ಚೆನ್ನಾಗಿರ್ಲಿಲ್ಲ. ಬಳ್ಳಾರಿಯಾಗೆ ಇದನ್ನ ನಿಧಾನಕ್ಕೆ ಕುಡಿಯೋಕೆ ಟೈಮೇ ಇಲ್ಲ.

ತಿನ್ನಾಕೆ ಮಂಡಾಳ ಒಗ್ಗರಣೆ, ಮಿರ್ಚಿ, ಹುರಿದ ಶೇಂಗಾ ಇಟ್ಟಿದ್ವಿ. ಮಿರ್ಚಿ ಎಣ್ಣೆನ ಬಿಯರ್ ಬಾಯಿಂದ ಒರೆಸಿ ಹಾಕ್ತೈತೆ, ಆದ್ರೆ ಖಾರ ಡಬಲ್ ಆಗ್ತೈತೆ, ಕಣ್ಣಾಗೆ ನೀರು. ಒಗ್ಗರಣೆಗೆ ನಿಂಬೆಹಣ್ಣು ಜಾಸ್ತಿ ಹಿಂಡಿದ್ರು, ಅದರ ಮುಂದೆ ಬಿಯರ್ ನಿಂಬೆ ಕಾಣ್ಲೇ ಇಲ್ಲ. ಗೆದ್ದಿದ್ದು ಶೇಂಗಾ. ಉಪ್ಪು ಹಾಕಿ ಹುರಿದ ಶೇಂಗಾ ನಾಕು ಬಾಯಿಗೆ ಹಾಕ್ಕೊಂಡು ಮ್ಯಾಲೆ ಒಂದು ಗುಟುಕು ಹಾಕಿದ್ರೆ ಸಿಹಿ ಎದ್ದು ನಿಲ್ತೈತೆ.

ಇನ್ನೊಂದು ಮಾತು. ನಮ್ಮವ್ವ ಬಿಯರ್ ಲೋಟ ಮುಟ್ಟೋಳಲ್ಲ. ಖಾಲಿ ಲೋಟ ತ್ವಳ್ಯಾಕೆ ಅಂತ ಒಳಗೆ ಒಯ್ದೋಳು ವಾಪಸ್ ಬಂದು, "ಇದೇನೋ, ಮಾವಿನಕಾಯಿ ತೊಟ್ಟು ಮುರಿದಂಗೆ ವಾಸನೆ ಬರ್ತೈತೆ?" ಅಂದ್ಲು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಲೋಟ ಇಸ್ಕೊಂಡು ಮೂಸಿದ್ರೆ ಹೌದು, ಸೊನೆ! ಅದು ತಲೆಗೆ ಬಂದಮ್ಯಾಲೆ ನನಗೆ ಫಿನಾಯಿಲ್ ಸಿಗ್ಲೇ ಇಲ್ಲ. ಚಿಕ್ಕಪ್ಪ ಮಾತ್ರ "ಸೊನೆ ತಾಗಿದ್ರೆ ಮೈ ಸುಡ್ತೈತೆ, ಅದನ್ನ ಯಾರಾದ್ರೂ ಕುಡೀತಾರಾ?" ಅಂದ. ಲೋಟ ಮಾತ್ರ ಖಾಲಿ ಮಾಡಿದ.

ಕೆಮಿಸ್ಟ್ರಿ ಅಕ್ಕ

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಮಾವಿನ ಸೊನೆಯಲ್ಲಿ ಮಿರ್ಸೀನ್, ಲಿಮೋನೀನ್, ಆಸಿಮೀನ್ ಅಂತ ಟರ್ಪೀನ್‌ಗಳೇ ಇರೋದು. ಮಿರ್ಸೀನ್ ಹಾಪ್ಸ್‌ನಲ್ಲೂ ಮುಖ್ಯ, ಸ್ಪ್ರೂಸಲ್ಲೂ ಇದೆ. ಲ್ಯಾಬಿನಲ್ಲಿ ದೊಡ್ಡ ಮಷೀನು ಹೇಳೋದನ್ನು ಅವರು ಖಾಲಿ ಲೋಟ ಮೂಸಿ ಹೇಳಿದ್ದಾರೆ. ಪ್ರತಿ ಬೇಸಿಗೆ ಉಪ್ಪಿನಕಾಯಿಗೆ ಮಾವಿನಕಾಯಿ ತೊಟ್ಟು ಮುರಿದ ಕೈ ಅದು, ಬಾತ್‌ರೂಮು ಅವರಿಗೆ ಹೊಳೆಯೋ ಮೊದಲೇ ಮಾವಿನಕಾಯಿ ಹೊಳೆದಿದೆ.

ಸಿಂಧನೂರು ಬ್ರೂವರ್

ಅಣ್ಣ, ಇಷ್ಟು ಚೆನ್ನಾಗಿ ನಮ್ಮ ಟ್ರೈನಿಗಳೂ ಬರೆಯಲ್ಲ. ಆದ್ರೆ ಒಂದು ಅನುಮಾನ. ಆ ನಿಂಬೆ ಎಲ್ಲಾ ಸ್ಪ್ರೂಸಿನದೇನಾ? ಕ್ಯಾನ್ ಮೇಲೆ ಹಾಪ್ಸ್ ಹೆಸರು ಬರೆದಿದ್ಯಾ ನೋಡಿ ಹೇಳಿ.

ತೋರಣಗಲ್ಲು ಶಿಫ್ಟ್

ಕ್ಯಾಸ್ಕೇಡ್ ಅಂತ ಐತೆ. ಚಿಗುರು ಸಿಟ್ಕಾ ಸ್ಪ್ರೂಸು.

ಸಿಂಧನೂರು ಬ್ರೂವರ್

ಅದೇ ಅಂದುಕೊಂಡೆ. ಕ್ಯಾಸ್ಕೇಡ್ ಒರೆಗಾನ್‌ನಲ್ಲೇ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ. ಅಮೆರಿಕದ ಕ್ರಾಫ್ಟ್ ಬಿಯರ್‌ಗೆ ಆ ಚಕ್ಕೋತ-ನಿಂಬೆ ವಾಸನೆ ಅಂಟಿಸಿದ್ದೇ ಅದು. ಹಾಗಾಗಿ ನಿಮ್ಮ ಮೂಗಿಗೆ ಮೊದಲು ಹೊಡೆದ ನಿಂಬೆ ಸಿಪ್ಪೆಯಲ್ಲಿ ಅರ್ಧ ಪಾಲಾದರೂ ಕ್ಯಾಸ್ಕೇಡ್‌ದು ಅಂತ ನನ್ನ ಲೆಕ್ಕ. ನುಂಗಿದ ಮೇಲೆ ಉಸಿರಲ್ಲಿ ಬಂದ ಹಸಿರು, ಬೆಚ್ಚಗಾದಾಗ ಎದ್ದ ಅಂಟು, ಖಾಲಿ ಲೋಟದ ತಳದಲ್ಲಿ ಉಳಿದಿದ್ದು, ಇದು ಸ್ಪ್ರೂಸ್.

ನನ್ನ ತಕರಾರು ಇಲ್ಲೇ ಇರೋದು. ಸ್ಪ್ರೂಸ್ ಅಂತ ದೊಡ್ಡದಾಗಿ ಹೆಸರು ಹಾಕಿ, ಅದರ ಮೇಲೆ ಘಾಟು ಹಾಪ್ಸ್ ಸುರಿದರೆ ಚಿಗುರಿಗೆ ಮಾತಾಡೋಕೆ ಜಾಗ ಎಲ್ಲಿದೆ? ನಾನಾದರೆ ಹಾಪ್ಸನ್ನು ಶುರುವಲ್ಲಿ ಕಹಿಗೆ ಎಷ್ಟು ಬೇಕೋ ಅಷ್ಟೇ ಹಾಕಿ ಕೊನೆಗೆ ಬರೀ ಚಿಗುರು ಹಾಕ್ತೀನಿ. ಮೇಷ್ಟ್ರು ಹೇಳಿದ ಹಳೇ ಕಾಕಂಬಿ ಬಿಯರ್‌ನಲ್ಲಿ ಹಾಪ್ಸೇ ಇರಲಿಲ್ಲ, ಅದು ಒರಟಾಗಿದ್ದರೂ ಪ್ರಾಮಾಣಿಕವಾಗಿತ್ತು.

ಹಳೇ ಮೇಷ್ಟ್ರು

ಕಾಕಂಬಿ ಬಿಯರ್ ಪ್ರಾಮಾಣಿಕವಾಗಿತ್ತೋ ಇಲ್ಲವೋ, ಸೈನಿಕರಿಗೆ ಆಯ್ಕೆ ಇರಲಿಲ್ಲ. ಕಾಕಂಬಿ ಅಗ್ಗ, ಸ್ಪ್ರೂಸ್ ಬಿಟ್ಟಿ. ಸಕ್ಕರೆ ಕಾರ್ಖಾನೆ ಪಕ್ಕದಲ್ಲಿ ಹಾದು ಹೋಗುವಾಗ ಮೂಗು ಮುಚ್ಚಿಕೊಳ್ಳುವ ನಾವು ಕುಡಿಯುವ ದೇಶೀ ವಿಸ್ಕಿ, ರಮ್ಮುಗಳ ಬಹುಪಾಲು ಅದೇ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್. ಆ ವಾಸನೆಗೆ ಮಾತ್ರ ಯಾರದೂ ತಕರಾರಿಲ್ಲ!

ಗಂಗಾವತಿ ಭತ್ತ

ಸರ್ ಈ ವಯಸ್ಸಿನಾಗೆ ಹಿಂಗೆ ಹೊಡೀಬಾರ್ದು.

ಕೊಪ್ಪಳ ಪೇಂಟರ್

ಉಳಿದದ್ದು ಎರಡು ಕ್ಯಾನ್ ಅಲ್ಲೇನ್ರೀ ಅಣ್ಣಾರ? ನಾ ಬರೋ ವಾರ ಬಳ್ಳಾರಿಗೆ ಕೆಲಸಕ್ಕ ಬರಾತೀನಿ. ಟರ್ಪೆಂಟೈನ್ ಮೂಗಿಗೆ ಏನ ಸಿಗತೈತಿ ನೋಡೂಣು. ಶೇಂಗಾ ನಾ ತರತೀನಿ, ನಮ್ಮ ಹೊಲದ್ದ.

ತೋರಣಗಲ್ಲು ಶಿಫ್ಟ್

ಬರ್ರಿ ಬರ್ರಿ. ಒಂದು ನಿಮಗೆ ಎತ್ತಿಟ್ಟೆ. ಇನ್ನೊಂದನ್ನ ಅತ್ತೆ ಮಗ ಡಿಸೆಂಬರ್ ತನಕ ಇಡು, ಚಳಿಯಾಗೆ ಕುಡಿಯೋ ಬಿಯರ್ ಇದು ಅಂತಾನೆ. ಇಡಬಹುದಾ?

ಸಿಂಧನೂರು ಬ್ರೂವರ್

ಇಡಬೇಡಿ. ಕಹಿ ಉಳಿಯುತ್ತೆ, ಪರಿಮಳ ಹೋಗುತ್ತೆ. ಅಲ್ಲೀವರೆಗೆ ಒಂದೆರಡು ಸಲ ಕರೆಂಟ್ ಹೋಗಿ ಫ್ರಿಜ್ ಬೆಚ್ಚಗಾದರಂತೂ ಒದ್ದೆ ರಟ್ಟಿನ ವಾಸನೆ ಬರುತ್ತೆ. ಬಳ್ಳಾರಿ ಡಿಸೆಂಬರ್ ಎಷ್ಟು ಚಳಿ ಅಂತ ಅವರಿಗೆ ಮರೆತುಹೋಗಿರಬೇಕು. ಪೇಂಟರ್ ಅಣ್ಣ ಬಂದ ದಿನವೇ ಎರಡೂ ಮುಗಿಸಿ. ಒಂದು ಪ್ರಯೋಗ ಹೇಳ್ತೀನಿ: ಬರೋವಾಗ ಯಾರಿಗೂ ಏನು ಅಂತ ಹೇಳದೆ, ಬಿಯರ್ ಹೆಸರೂ ಹೇಳದೆ, ಅರ್ಧ ಲೋಟ ಕೈಗೆ ಕೊಟ್ಟು ಏನು ವಾಸನೆ ಅಂತ ಬರೆಸಿಕೊಳ್ಳಿ. ಇಲ್ಲಿ ಹಾಕಿ.

ಸಂಡೂರು ಫೌಜಿ

ಸಂಡೂರಿಂದ ತೋರಣಗಲ್ಲು ಏನು ದೂರ ಇಲ್ಲ. ನಾನೂ ಬರ್ತೀನಿ. ರೈ ಚಿಗುರು ಅಗಿದ ಬಾಯಿ ನಂದೊಂದೇ ಇರೋದು ಇಲ್ಲಿ.

ರಾಯಚೂರು ಬಿಸಿಲು

ನನಗ ಆ ಬಿಯರ್ ಬ್ಯಾಡ್ರೀ, ಮಾವಿನ ಸೊನಿ ಅನ್ರಿ ಏನರೆ ಅನ್ರಿ, ಫಿನಾಯಿಲ್ ಫಿನಾಯಿಲೇ. ಮಿರ್ಚಿಗೆ ಬರ್ತೀನಿ. ಎಂಟು ಎತ್ತಿಡ್ರಿ.